ಬಿದ್ದದ್ದು ಎಲ್ಲಿಂದ

ನಾಸಿಕ್ ರೋಡಿನ ಒಂದು ಆಸ್ಪತ್ರೆಯ ರೆಕಾರ್ಡ್ ರೂಮಿನಲ್ಲಿ ಬೀದರಿನ ಮನ್ಮಥಪ್ಪನವರು ಹನ್ನೆರಡು ವರ್ಷ ಬಿದ್ದವರಿಗೆಲ್ಲ ಕೋಡ್ ನಂಬರು ಹಾಕಿದರು. ಮಂಚದಿಂದ ಬಿದ್ದರೆ ಆರು, ಮೆಟ್ಟಿಲಿನಿಂದಾದರೆ ಹತ್ತು, ಮರದಿಂದಾದರೆ ಹದಿನಾಲ್ಕು. ಎಲ್ಲಿಂದ ಬಿದ್ದರೆಂದೇ ಗೊತ್ತಾಗದಿದ್ದರೆ ಹತ್ತೊಂಬತ್ತು. ಹತ್ತೊಂಬತ್ತು ಬರೆಯುವವರು ಸಂಬಳಕ್ಕೆ ಲಾಯಕ್ಕಿಲ್ಲ ಎಂಬುದು ಅವರ ಖಚಿತ ಅಭಿಪ್ರಾಯ.

ಆ ಊರಿನ ಗಂಡಸರೆಲ್ಲ ಬಚ್ಚಲಲ್ಲೇ ಜಾರುತ್ತಿದ್ದರು. ಮನ್ಮಥಪ್ಪನವರು ನಂಬುತ್ತಿರಲಿಲ್ಲ. ಫೈಲು ಹಿಡಿದು ವಾರ್ಡಿಗೇ ಹೋಗಿ, ಬಚ್ಚಲಲ್ಲಿ ಜಾರಿದವನ ಮೊಣಕೈಗೆ ಸುಣ್ಣ ಹೇಗೆ ಹತ್ತಿತು ಎಂದು ಕೇಳುತ್ತಿದ್ದರು. ಕೈಕೆಳಗಿನ ಅನುರಾಧಾಗೂ ಅದನ್ನೇ ಕಲಿಸಿದ್ದರು: "ಬಾಯಿ ಮಾತು ಕೇಳಬ್ಯಾಡವ್ವ, ಮೈ ನೋಡು."

ನಿವೃತ್ತರಾದ ಮೂರನೆಯ ತಿಂಗಳಿಗೆ ಅವರೇ ಕೈ ಮುರಿದುಕೊಂಡು ಬಂದು ಅದೇ ವಾರ್ಡಿನಲ್ಲಿ ಮಲಗಿದರು. ಅನುರಾಧಾ ಫೈಲು ಹಿಡಿದು ಬಂದಳು.

"ಬಚ್ಚಲದಾಗ ಜಾರಿದೆ," ಎಂದರು ಮನ್ಮಥಪ್ಪನವರು.

ಅವಳು ಅವರ ಕಾಲರಿನೊಳಗಿಂದ ಪೇರಲದ ಎಲೆಯೊಂದನ್ನು ತೆಗೆದು ದಿಂಬಿನ ಪಕ್ಕ ಇಟ್ಟಳು. ಅವರ ಮನೆಯಲ್ಲಿ ಪೇರಲ ಗಿಡವಿರಲಿಲ್ಲ, ಪಕ್ಕದವರ ಹಿತ್ತಲಲ್ಲಿತ್ತು.

"ಬಿದ್ದದ್ದು ಎಲ್ಲಿಂದ್ರಿ, ಸರ್?"

ಮನ್ಮಥಪ್ಪನವರು ಮುರಿಯದ ಕೈಯಿಂದ ಎಲೆಯನ್ನು ದಿಂಬಿನಡಿಗೆ ತಳ್ಳಿದರು.

"ಹತ್ತೊಂಬತ್ತು ಬರಿಯವ್ವ," ಎಂದರು.