ಸೋಮಾರಿಗಳು ಎನಿಸಿಕೊಂಡವರ ಪರವಾಗಿ

ಕಾಪುವಿನ ಚಿತ್ರಾಕ್ಷಿ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಇಂಜಿನಿಯರ್. ಅವಳ ಕಂಪನಿ ಕಾರಿನ ಬಾಗಿಲಿನ ಲಾಕ್ ತಯಾರಿಸುತ್ತಿತ್ತು. ಅದಕ್ಕೆ ಜರ್ಮನಿಯಲ್ಲೊಂದು, ಪೋರ್ಚುಗಲ್‌ನಲ್ಲೊಂದು ಕಾರ್ಖಾನೆ. ಎರಡೂ ಕಡೆ ಒಂದೇ ಕರೆನ್ಸಿ, ಯೂರೋ. ಪೋರ್ಚುಗಲ್‌ನಲ್ಲಿ ಎರಡು ವರ್ಷ ಇದ್ದು ಬಂದವಳು ಅವಳು. ಅಲ್ಲಿ ಶಿಫ್ಟ್ ನೋಡಿಕೊಳ್ಳುತ್ತಿದ್ದ ತೆರೇಜಾ ಅವಳ ಗೆಳತಿ.

2013ರಲ್ಲಿ ಒಂದು ಮೀಟಿಂಗ್. ಮ್ಯಾನೇಜರ್ ಜಯಪ್ರಕಾಶ್ ಬೆಂಗಳೂರಿನವರು. ಪೋರ್ಚುಗಲ್ ಕಾರ್ಖಾನೆ ಮುಚ್ಚಿ ಕೆಲಸವನ್ನು ಜರ್ಮನಿಗೆ ಸಾಗಿಸುವ ಸುದ್ದಿ ಹೇಳಿ, ಆ ಜನ ಊಟ ಮಾಡಿ ಮಲಗುವವರು ಎಂದು ತಮಾಷೆ ಮಾಡಿದರು. ಎಲ್ಲರೂ ನಕ್ಕರು.

ಚಿತ್ರಾಕ್ಷಿ ಅವರನ್ನು ಕಾರ್ ಪಾರ್ಕಿನಲ್ಲಿ ತಡೆದಳು.

"ಮಲಗ್ತಾರೆ ಅಂದ್ರಲ್ಲ, ಒಂದು ದಿನ ಆದ್ರೂ ಅಲ್ಲಿ ನಿಂತು ನೋಡಿದ್ದೀರಾ?"

"ಪರ್ಸನಲ್ ಆಗಿ ತಗೋಬೇಡಿ ಚಿತ್ರಾ. ಅಲ್ಲಿನ ಮಾಲು ದುಬಾರಿ, ಅಷ್ಟೇ."

"ಯಾಕೆ ದುಬಾರಿ ಆಯ್ತು? ಯೂರೋ ಬಂದಮೇಲೆ ಜರ್ಮನಿಯಂಥ ಉತ್ತರದ ದೇಶಗಳ ಬ್ಯಾಂಕುಗಳು ಕಡಿಮೆ ಬಡ್ಡಿಗೆ ದುಡ್ಡು ತಂದು ಅಲ್ಲಿ ಸುರಿದ್ವು. ಅದೆಲ್ಲ ಮನೆ ಕಟ್ಟೋಕೆ, ಖರ್ಚಿಗೆ ಹೋಯ್ತು. ಬೆಲೆ ಏರ್ತು, ಸಂಬಳಾನೂ ಏರ್ತು. ಅದೇ ಟೈಮಲ್ಲಿ ಜರ್ಮನಿಯಲ್ಲಿ ಸಂಬಳ ಅಲ್ಲಾಡ್ಲೇ ಇಲ್ಲ. ಮೊದಲಾಗಿದ್ರೆ ಪೋರ್ಚುಗಲ್ ತನ್ನ ಕರೆನ್ಸಿ ಬೆಲೆ ಇಳಿಸ್ಕೊಂಡು ಮಾಲು ಮಾರ್ತಿತ್ತು. ಈಗ ಇಳಿಸೋಕೆ ಸ್ವಂತದ್ದು ಅಂತ ಏನಿದೆ?"

"ಅದು ಸರ್ಕಾರಗಳ ವಿಷ್ಯ ಕಣ್ರೀ."

"ಬೈಸ್ಕೊಳ್ಳೋಕೆ ಮಾತ್ರ ತೆರೇಜಾನಾ?"

ಅವರು ಕಾರು ಹತ್ತಿದರು.

ಯಂತ್ರಗಳನ್ನು ಹೊಸ ಜಾಗದಲ್ಲಿ ಕೂರಿಸಲು ಅವಳನ್ನೇ ಜರ್ಮನಿಗೆ ಕಳಿಸಿದರು. ಕೆಲಸ ಸಿಕ್ಕ ಅಲ್ಲಿಯವರು ಸಂತೋಷದಲ್ಲಿರುತ್ತಾರೆ, ಎಲ್ಲರ ಮೇಲೂ ರೇಗಬಹುದು ಎಂದುಕೊಂಡೇ ಹೋದಳು. ಕ್ಯಾಂಟೀನಿನಲ್ಲಿ ಡೀಟರ್ ಎಂಬ ಹಳೆಯ ಕೆಲಸಗಾರ ಎದುರಿಗೆ ಕೂತ.

"ಸಂಬಳ ಹೆಚ್ಚಿಸಿ ಅಂತ ಕೇಳಿದಾಗಲೆಲ್ಲ ಕೆಲಸವನ್ನೇ ದಕ್ಷಿಣಕ್ಕೆ, ಪೋರ್ಚುಗಲ್ ಕಡೆಗೆ ಸಾಗಿಸ್ತೀವಿ ಅಂತ ಕಂಪನಿಯವರು ಹೆದರಿಸ್ತಿದ್ರು. ಸುಮ್ಮನಾದೆವು. ನಾವು ಮಾಡಿದ ಮಾಲು ಊರೂರಿಗೆ ಹೋಯ್ತು. ಅವರ ಮಾಲು ಕೊಳ್ಳೋಕೆ ನಮ್ಮ ಹತ್ರ ದುಡ್ಡೆಲ್ಲಿತ್ತು?"

ಚಿತ್ರಾಕ್ಷಿಗೆ ಲೆಕ್ಕ ಅರ್ಥವಾಯಿತು. ಇಲ್ಲಿಯವರ ಬಾಯನ್ನು ಅಲ್ಲಿಯವರ ಹೆಸರು ಹೇಳಿ ಮುಚ್ಚಿಸಿದ್ದರು. ಈಗ ಅಲ್ಲಿಯವರನ್ನು ಇಲ್ಲಿಯವರ ಹೆಸರು ಹೇಳಿ ಮನೆಗೆ ಕಳಿಸಿದ್ದಾರೆ. ಬೈಯಲು ಇಲ್ಲಿ ಒಬ್ಬರೂ ಸಿಗಲಿಲ್ಲ. ಸಿಟ್ಟು ಇಮ್ಮಡಿಯಾಯಿತು.

ಕೊವೆಂಟ್ರಿಗೆ ಮರಳಿ ಮುಂದಿನ ಮೀಟಿಂಗಿನಲ್ಲಿ ಡೀಟರ್ ಹೇಳಿದ್ದನ್ನೆಲ್ಲ ಡೈರೆಕ್ಟರುಗಳ ಮುಂದೆ ಹೇಳಿದಳು. ಅವರು ಟೀ ತರಿಸಿದರು. ಉಳಿದ ಯಂತ್ರಗಳನ್ನು ಬಿಚ್ಚಿಸಲು ಪೋರ್ಚುಗಲ್‌ಗೆ ಹೋಗಿ ಎಂದಾಗ ಅವಳು ಒಪ್ಪಲಿಲ್ಲ. ಬೇರೆಯವರು ಹೋದರು. ಅವಳನ್ನು ಗ್ರಾಹಕರ ದೂರು ಕೇಳುವ ವಿಭಾಗಕ್ಕೆ ಹಾಕಿದರು. ವರ್ಷ ತುಂಬುವುದರೊಳಗೆ ಕೆಲಸ ಬಿಟ್ಟು ಕಾಲೇಜೊಂದರಲ್ಲಿ ಪಾಠ ಮಾಡಲು ಸೇರಿದಳು. ಸಂಬಳ ಇಳಿಯಿತು, ಗಂಡ ಕರುಣಾಕರ ಮನೆ ಸಾಲದ ಕಂತು ನೆನೆದು ವಾರಗಟ್ಟಲೆ ಮುಖ ಊದಿಸಿಕೊಂಡಿದ್ದ.

ತೆರೇಜಾ ಆಮೇಲೆ ಉತ್ತರಕ್ಕೆ ಹೋಗಿ ಅದೇ ಜರ್ಮನ್ ಕಾರ್ಖಾನೆಯಲ್ಲಿ ಕಂಟ್ರಾಕ್ಟರನ ಕೈಕೆಳಗೆ ಸೇರಿದಳು, ಡೀಟರ್‌ಗಿಂತ ಕಡಿಮೆ ಸಂಬಳಕ್ಕೆ.

"ತುಂಬಾ ಚುರುಕು ಅಂತ ಹೊಗಳ್ತಾರೆ ನನ್ನ," ಎಂದು ಫೋನಿನಲ್ಲಿ ನಕ್ಕಳು.

ಚಿತ್ರಾಕ್ಷಿ ನಗಲಿಲ್ಲ. "ನಿನ್ನ ಸಂಬಳ ಯಾಕೆ ಕಡಿಮೆ ಅಂತ ಡೀಟರ್‌ನನ್ನ ಜೊತೆಗೆ ನಿಲ್ಲಿಸಿಕೊಂಡು ಕಂಪನಿಯವರನ್ನ ಕೇಳು," ಎಂದಳು. "ಒಬ್ಬಳೇ ಕೇಳ್ಬೇಡ."