ಹೆರಿಗೆ ವಾರ್ಡಿನ ಪರದೆ

ಕಳೆದ ವಾರ ಶಿವಾಜಿನಗರದ ಅಂಗಡಿಯೊಂದರಲ್ಲಿ ಕೋರಾ ಬಟ್ಟೆಯ ಥಾನು ಬಿಚ್ಚಿದಾಗ ಬಂದ ಗಂಜಿಯ ವಾಸನೆಗೆ ಆಪಾ ನೆನಪಾದರು. ಲಿಂಗರಾಜಪುರದಲ್ಲಿ ನಮ್ಮ ಪಕ್ಕದ ಮನೆಯವರು, ಬಟ್ಟೆ ಹೊಲಿಯುತ್ತಿದ್ದರು. ತೊಂಬತ್ತರ ದಶಕದಲ್ಲಿ ನನ್ನ ಚೊಚ್ಚಲ ಹೆರಿಗೆಯ ಹೊತ್ತಿಗೆ ಅಮ್ಮ ಇರಲಿಲ್ಲ. ಆಸ್ಪತ್ರೆಗೆ ಜೊತೆಯಾಗಿ ಬಂದವರು ಆಪಾ.

ಅದು ಬಡವರ ಆಸ್ಪತ್ರೆ. ಹೆರಿಗೆ ವಾರ್ಡಿನಲ್ಲಿ ಮಂಚಕ್ಕೆ ಮಂಚ ತಾಗಿಕೊಂಡಿತ್ತು, ನಡುವೆ ಒಂದು ತುಂಡು ಬಟ್ಟೆಯ ಮರೆಯಿಲ್ಲ. ಸ್ಟ್ರೆಚರ್ ತಳ್ಳುವವರು, ನೀರಿನ ಮೋಟಾರು ರಿಪೇರಿಯವರು ಎಲ್ಲರೂ ಅದೇ ದಾರಿಯಲ್ಲಿ ಓಡಾಡುತ್ತಿದ್ದರು. ಪಕ್ಕದ ಮಂಚದ ಹುಡುಗಿ ಪರೀಕ್ಷೆಗೆ ಒಪ್ಪದೆ, ನೋವಿನಲ್ಲೇ ಎದ್ದು ಮನೆಗೆ ಹೊರಟುಬಿಟ್ಟಿದ್ದಳು. ಆಪಾ ಅವಳ ಕೈ ಹಿಡಿದು ಕೂರಿಸಿದರು. ಆಮೇಲೆ ಅಷ್ಟು ಗಂಡಸರ ಎದುರಿಗೇ ತಮ್ಮ ಬುರ್ಖಾ ಕಳಚಿ, ಎರಡೂ ಕೈ ಚಾಚಿ ಅದನ್ನು ಅಡ್ಡ ಹಿಡಿದು ನಿಂತರು.

"ಇದು ಧರ್ಮಾಸ್ಪತ್ರೆ ಕಣಮ್ಮ, ನರ್ಸಿಂಗ್ ಹೋಮ್ ಅಲ್ಲ," ಎಂದು ಡಾಕ್ಟರಮ್ಮ ಗದರಿದರು.

"ದುಡ್ಡಿಲ್ದೋರ್ಗೆ ನಾಚ್ಕೆನೂ ಇರಲ್ಲ ಅಂತ ಯಾರ್ ಹೇಳಿದ್ದು ಮೇಡಂ? ನೀವ್ ನೋಡಿ, ನಾನ್ ಹಿಡ್ಕೊಂಡಿರ್ತೀನಿ."

ಅವಳಿಗೆ ಗಂಡು ಹುಟ್ಟಿತು, ನನಗೆ ಹೆಣ್ಣು. ಅವಳ ಮಂಚದಿಂದ ನನ್ನ ಮಂಚಕ್ಕೆ ಸರಿಯುತ್ತಾ, ಚಾಚಿದ ತೋಳು ಇಳಿಸದೆ ಆಪಾ ನಿಂತೇ ಇದ್ದುದು ನೋವಿನ ನಡುವೆಯೂ ನನಗೆ ಕಾಣುತ್ತಿತ್ತು...

ನಾನು ಮನೆಗೆ ಬಂದ ಮೇಲೆ ಆಪಾ ಕೋರಾ ಬಟ್ಟೆ ತಂದು ಪರದೆ ಹೊಲಿದರು. ವಾರ್ಡಿಗೆ ಹೋಗಿ ಹಗ್ಗ ಬಿಗಿದು ಕಟ್ಟಿದರು. ಪರ್ಮಿಷನ್ ಇಲ್ಲವೆಂದು ಅಟೆಂಡರ್ ಕಿತ್ತು ಮೂಲೆಗೆಸೆದ. ಅವರು ಒಗೆದು ಮತ್ತೆ ಕಟ್ಟಿದರು. ಅವನು ಮತ್ತೆ ಕಿತ್ತ.

"ನೀನ್ ಕೀಳು, ನಾನ್ ಕಟ್ತೀನಿ. ಯಾರಿಗ್ ಮೊದ್ಲು ಸುಸ್ತಾಗುತ್ತೋ ನೋಡೋಣ," ಎಂದರಂತೆ.

ಕೊನೆಗೊಂದು ದಿನ ಅದೇ ಡಾಕ್ಟರಮ್ಮ, ಬಸುರಿಯೊಬ್ಬಳನ್ನು ಮುಟ್ಟುವ ಮೊದಲು ತಾವೇ ಪರದೆ ಎಳೆದರು. ಅಲ್ಲಿಂದ ಮುಂದೆ ಅಟೆಂಡರ್ ಅದರ ತಂಟೆಗೆ ಹೋಗಲಿಲ್ಲ. ಕೆಲವು ವರ್ಷಗಳ ಮೇಲೆ ಆಸ್ಪತ್ರೆಯವರೇ ಪರದೆಗೆ ಕಂಬಿ ಹಾಕಿಸಿದರು.

ಆಪಾ ತೀರಿಕೊಂಡಾಗ ನಾವು ಹೊರಮಾವಿಗೆ ಬಂದುಬಿಟ್ಟಿದ್ದೆವು. ಸುದ್ದಿ ತಲುಪುವಷ್ಟರಲ್ಲಿ ಮಣ್ಣು ಮುಗಿದಿತ್ತು. ಮುಖ ನೋಡಲಾಗಲಿಲ್ಲವೆಂಬ ಸಂಕಟ ಇನ್ನೂ ಹೋಗಿಲ್ಲ...

ಮೊನ್ನೆ, ನಮ್ಮ ಮನೆಗೆಲಸಕ್ಕೆ ಬರುವಾಕೆಯನ್ನು ಹೆರಿಗೆಗೆಂದು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಆಗಲೇ ಒಬ್ಬರು ಮಲಗಿದ್ದ ಮಂಚವನ್ನು ತೋರಿಸಿದ ನರ್ಸ್, "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ ಆಂಟಿ," ಎಂದಳು.

"ಇಲ್ಲಮ್ಮ, ಮಾಡ್ಕೊಳಲ್ಲ," ಎಂದೆ. ಇನ್ನೊಂದು ಮಂಚ ತರುವವರೆಗೆ ಅಲ್ಲಿಂದ ಕದಲಲಿಲ್ಲ.