ಲೋರೇನ್ ಮತ್ತು ನನ್ನದಲ್ಲದ ಕವಿತೆ

ಕವಿತೆ ಓದುವ ಮುಂಚೆ ಲೋರೇನ್ ಶೂ ಬಿಚ್ಚಿಡುತ್ತಿದ್ದರು. ಸಿಡ್ನಿಯ ಪ್ಯಾರಮಟ್ಟಾ ಬಡಾವಣೆಯ ಲೈಬ್ರರಿಯಾಗಲಿ, ದೊಡ್ಡ ವೇದಿಕೆಯಾಗಲಿ, ಬರಿಗಾಲಲ್ಲೇ ನಿಲ್ಲಬೇಕು. "ಕಾಲಿಗೆ ನೆಲ ತಾಗದಿದ್ದರೆ ನನ್ನ ಬಾಯಲ್ಲಿ ಸುಳ್ಳು ಬರುತ್ತೆ" ಎನ್ನುವರು.

ಅಮೆರಿಕದ ಓಹಾಯೋದಲ್ಲಿ, ನದಿ ದಡದ ಊರಿನಲ್ಲಿ ಹುಟ್ಟಿದವರು. ಲಾರಿ ಕಂಪನಿಯೊಂದರ ಗುಮಾಸ್ತೆಯಾಗಿ, ಊಟದ ಬಿಡುವಿನಲ್ಲಿ ಬರೆದು, ನಲವತ್ತು ದಾಟಿದ ಮೇಲೆ ಮೊದಲ ಪುಸ್ತಕ ತಂದರು. ಅದಕ್ಕೆ ಬಹುಮಾನ ಬಂತು. ಕಾಲೇಜೊಂದು ಪಾಠ ಹೇಳಲು ಕರೆಯಿತು. ಆಮೇಲೆ ಆಸ್ಟ್ರೇಲಿಯಾದವರೊಬ್ಬರನ್ನು ಮದುವೆಯಾಗಿ ಸಿಡ್ನಿಗೆ ಬಂದರು. ತಮ್ಮ ನಾಲ್ಕು ಪುಸ್ತಕ ಸೇರಿದರೂ ಒಂದು ಇಟ್ಟಿಗೆಯಷ್ಟು ದಪ್ಪವಿಲ್ಲ ಎಂದು ತಾವೇ ನಗುತ್ತಿದ್ದರು.

ವಾರವೆಲ್ಲ ಸಿಡ್ನಿಯದೇ ನಾರ್ವೆಸ್ಟ್‌ನ ಆಫೀಸಿನಲ್ಲಿರುವ ನಾನು ಶನಿವಾರ ಬೆಳಿಗ್ಗೆ ಆ ಲೈಬ್ರರಿಯಲ್ಲಿ ಅವರು ನಡೆಸುತ್ತಿದ್ದ ಕವಿತೆಯ ತರಗತಿಗೆ ಹೋಗುತ್ತಿದ್ದೆ. ನಾನು ಬರೆದದ್ದನ್ನು ಓದಿ, "ಚೆನ್ನಾಗಿದೆ. ಯಾರಿಗೆ ನೋವಾಯಿತು ಅನ್ನೋದು ಮಾತ್ರ ಗೊತ್ತಾಗಲಿಲ್ಲ" ಎಂದಿದ್ದರು.

ಒಮ್ಮೆ, ಇನ್ನೂ ಅಚ್ಚಾಗದ ಕವಿತೆಯೊಂದನ್ನು ಓದಿ ನಮಗೆಲ್ಲ ಪ್ರತಿ ಕೊಟ್ಟರು. ನದಿಯಲ್ಲಿ ಮುಳುಗಿಹೋದ ಅವರ ತಮ್ಮನ ಬಗ್ಗೆ. ಮನೆಗೆ ಬಂದು ಅದನ್ನು ಕನ್ನಡಕ್ಕೆ ತಂದೆ. ನದಿಯನ್ನು ಕೆರೆ ಮಾಡಿದೆ. ಕನ್ನಡ ಕೂಟದ ರಾಜ್ಯೋತ್ಸವದಲ್ಲಿ ಓದಿದೆ. ಅನುವಾದವೆಂದು ಹೇಳಬೇಕೆಂದಿದ್ದವಳು ಮೈಕಿನ ಮುಂದೆ ಹೇಳಲಿಲ್ಲ.

"ಆಂಟಿ, ನಿಮ್ಮ ಪೊಯೆಮ್ ಕೇಳಿ ಅಮ್ಮ ಅತ್ತೇ ಬಿಟ್ರು. ನಿಮ್ಮ ತಮ್ಮನಾ?" ಎಂದು ಕೂಟದ ಕಾರ್ಯದರ್ಶಿ ಕೇಳಿದಳು. ಹೌದೆಂದು ತಲೆಯಾಡಿಸಿದೆ. ನನಗೆ ತಮ್ಮನೇ ಇಲ್ಲ. ಕೂಟದ ಸಂಚಿಕೆಯಲ್ಲೂ ಅದು ನನ್ನ ಹೆಸರಿನಲ್ಲೇ ಅಚ್ಚಾಯಿತು.

ಮತ್ತೆ ತರಗತಿಗೆ ಹೋಗಲು ಮುಖವಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಲೋರೇನ್ ಮೆಲ್ಬರ್ನ್‌ಗೆ, ಟ್ರುಗನಿನಾದಲ್ಲಿದ್ದ ಮಗಳ ಮನೆಗೆ ಹೋದರು. ಅವರಿಗೆ ಹುಷಾರಿಲ್ಲವೆಂದು ತಿಳಿದಾಗ ವಿಮಾನ ಹತ್ತಿದೆ. ಅವರ ಎದುರು ಕೂತು ಎಲ್ಲವನ್ನೂ ಹೇಳಿದೆ.

"ಓದು" ಎಂದರು. ಕನ್ನಡದಲ್ಲಿ ಓದಿ, ಪ್ರತಿ ಸಾಲಿನ ಅರ್ಥ ಹೇಳಿದೆ. ಕೆರೆಯ ಸಾಲಿಗೆ ಬಂದಾಗ ಕೈ ಎತ್ತಿ ತಡೆದರು.

"ಕೆರೆಯಾ? ಕೆರೆಯಾಗಿದ್ದರೆ ಅವನು ಅಲ್ಲೇ ಸಿಗುತ್ತಿದ್ದ. ನಾವು ಹನ್ನೊಂದು ದಿನ ಹುಡುಕಿದೆವು."

ಮುಂದಿನ ಸಂಚಿಕೆಯಲ್ಲಿ ಸರಿಪಡಿಸುತ್ತೇನೆ, ನಿಮ್ಮ ಹೆಸರು ಹಾಕಿಸುತ್ತೇನೆ ಎಂದು ತೊದಲಿದೆ.

"ಅವನ ಹೆಸರೂ ಹಾಕಿಸು. ಡ್ಯಾನಿ" ಎಂದು ದಣಿದು ಹಿಂದಕ್ಕೊರಗಿದರು.

ತಪ್ಪೊಪ್ಪಿಗೆ ಬರೆಯಲು ಒಂದು ಗಂಟೆ ಸಾಕಾಯಿತು. ಕಳಿಸುವ ಧೈರ್ಯಕ್ಕೆ ಐದು ವಾರ ಬೇಕಾಯಿತು. ಅಚ್ಚಾಗಿ ಬರುವಷ್ಟರಲ್ಲಿ ಲೋರೇನ್ ಇರಲಿಲ್ಲ. ಅವರ ಮಗಳಿಗೆ ಒಂದು ಪ್ರತಿ ಕಳಿಸಿದೆ. ಉತ್ತರ ಬಂದಿಲ್ಲ.